ಲೈರ್ ಹಕ್ಕಿ ಕಲಿತ ಸೀಟಿ

ಥೆಲ್ಮಾ ಪಾಸ್ಕೋ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಕೂಪರ್ ಕೊಳ್ಳದಲ್ಲಿ ತೀರಿಕೊಂಡಳು. ಎಪ್ಪತ್ತೊಂದು ವರ್ಷವಾಗಿತ್ತು. ಹೃದಯ ನಿಂತಿತು ಎಂದು ವೈದ್ಯರು ಬರೆದರು.

ಬದುಕಿನ ಬಹುಪಾಲು ಅವಳು ಮೆಲ್ಬರ್ನ್ ಹೊರವಲಯದಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಸಂಜೆ ಬಸ್ಸು ನಿಲ್ಲಿಸಿದ ಮೇಲೆ ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮನೆಗೆ ಹೋಗುತ್ತಿದ್ದಳು. ನಿವೃತ್ತಳಾಗಿ ಕಾಡುನಡಿಗೆಯ ಕೂಟ ಸೇರಿದಾಗ ಸಾಲಿನ ಕೊನೆಯ ಜಾಗವನ್ನು ತಾನೇ ಕೇಳಿ ಪಡೆದಳು. ಕೊನೆಯವಳ ಹಿಂದೆ ಯಾರೂ ಉಳಿಯಬಾರದು ಎಂಬುದು ಕೂಟದ ಕಟ್ಟುನಿಟ್ಟಿನ ನಿಯಮ. ದಾರಿ ಬಿಟ್ಟು ಪೊದೆಯ ಮರೆಗೆ ಹೋಗುವವರು ಬೆನ್ನಚೀಲವನ್ನು ದಾರಿಯ ಮೇಲೆ ಇಟ್ಟು ಹೋಗಬೇಕು. ಅದನ್ನು ಕಂಡರೆ ಅವಳು ಅಲ್ಲೇ ಕಾಯುತ್ತಿದ್ದಳು. ಎಲ್ಲರ ಬಳಿಯೂ ಒಂದೊಂದು ಸೀಟಿ ಇರುತ್ತಿತ್ತು. ಸಾಲು ತಂಗಿದ ಕಡೆ ಬಂದು ಸೇರಿ, ಅವಳು ತನ್ನ ಸೀಟಿಯನ್ನು ಒಮ್ಮೆ ಉದ್ದಕ್ಕೆ ಊದಿದಳೆಂದರೆ ಎಲ್ಲರೂ ಬಂದರೆಂದು ಲೆಕ್ಕ.

ಆ ಸೀಟಿಯನ್ನು ಕೂಪರ್ ಕೊಳ್ಳದ ಲೈರ್ ಹಕ್ಕಿ ಕಲಿತುಬಿಟ್ಟಿತ್ತು. ಕಿವಿಗೆ ಬಿದ್ದದ್ದನ್ನೆಲ್ಲ ಅನುಕರಿಸುವ ಹಕ್ಕಿ ಅದು. ಕೂಕಬರಾ ಹಕ್ಕಿಯ ನಗುವಿನಂಥ ಕೂಗು, ಗಿಳಿಗಳ ಕಿರುಚಾಟ, ನಡುವೆ ಥೆಲ್ಮಾಳ ಸೀಟಿ. ಕೇಳಿದಾಗಲೆಲ್ಲ ಕೂಟದವರು ನಗುತ್ತಿದ್ದರು.

ಆ ಭಾನುವಾರ ಕೊಳ್ಳದ ತಳದಲ್ಲಿ ಹಸಿರು ಟೊಪ್ಪಿಗೆಯ ಆರ್ಕಿಡ್‌ಗಳು ಅರಳಿದ್ದವು. ಬೆರಳುದ್ದದ ಗಿಡದ ತುದಿಯಲ್ಲಿ ತಲೆ ತಗ್ಗಿಸಿದ ಒಂದೊಂದೇ ಹೂವು. ಎಲ್ಲರೂ ಮರದೆತ್ತರದ ಜರಿಗಿಡಗಳ ಕೆಳಗೆ ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿ, ಕುಂಡೆ ಮೇಲೆ ಮಾಡಿ ನೋಡುತ್ತಿದ್ದರು. ಅದೇ ಚಳಿಗಾಲ ಕೂಟ ಸೇರಿದ್ದ ಲೆಫ್ಟೆರಿಸ್, ನೆಲಕ್ಕೆ ಟೈಲ್ಸ್ ಹಾಕಿ ಮೊಣಕಾಲು ಸವೆಸಿಕೊಂಡ ಗ್ರೀಕ್ ಮುದುಕ, ಆ ಹೊತ್ತಿನಲ್ಲಿ ವಾಂಬ್ಯಾಟ್ ಎಂಬ ಪ್ರಾಣಿಯ ಬಿಲವೊಂದನ್ನು ಕಂಡು ಇಳಿಜಾರಿಗೆ ಸರಿದ. ಬುತ್ತಿ ಚೀಲದಲ್ಲಿತ್ತು, ಚೀಲವನ್ನೂ ಒಯ್ದ. ದಾರಿಯ ಮೇಲೆ ಏನೂ ಉಳಿಯಲಿಲ್ಲ.

ಸಾಲು ತಂಗುವ ಮೇಲಿನ ಚಾವಡಿಯಲ್ಲಿ ಚಹಾ ಸುರಿಯುವಾಗ ಥೆಲ್ಮಾ ಸೀಟಿಯನ್ನು ಬಾಯಿಗಿಟ್ಟವಳು ಊದಲಿಲ್ಲ.

"ಲೆಫ್ಟೆರಿಸ್ ಎಲ್ಲಿ?"

"ಕಾರಿನ ಹತ್ರ ಹೋಗಿರ್ತಾನೆ ಬಿಡು," ಎಂದ ಮುಂದಾಳು ಡೆಸ್. "ಹೋದ ಸಲಾನೂ ಹಂಗೇ ಮಾಡಿದ್ನಲ್ಲ. ನಾವೆಲ್ಲ ಹುಡುಕಿ ಹುಡುಕಿ ಸುಸ್ತು, ಅವನು ಕಾರಲ್ಲಿ ಕೂತು ಆಲಿವ್ ತಿಂತಿದ್ದ."

ಆಗ ಕೊಳ್ಳದಿಂದ ಉದ್ದನೆಯ ಸೀಟಿ ಕೇಳಿತು.

"ನೋಡು, ನಿನ್ನ ಶಿಷ್ಯ ಕರೀತಾ ಇದೆ! ಎಲ್ರೂ ಬಂದ್ರಂತೆ," ಎಂದ ಡೆಸ್.

ಎಲ್ಲರೂ ನಕ್ಕರು. ಥೆಲ್ಮಾ ಕೈಯೆತ್ತಿದಳು. ಮತ್ತೆ ಸೀಟಿ. ಬಿಟ್ಟು ಬಿಟ್ಟು ಅದೇ ಉದ್ದನೆಯದು, ನಾಲ್ಕೈದು ಸಲ.

"ಡೆಸ್, ಕೂಕಬರಾ ಎಲ್ಲಿ? ಗಿಳಿ ಎಲ್ಲಿ? ಆ ಹಕ್ಕಿ ಯಾವತ್ತಾದ್ರೂ ಒಂದೇ ರಾಗ ಹಿಡಿದು ಕೂತಿದ್ಯಾ?"

"ಲೆಫ್ಟೆರಿಸ್ ಅಂತೀಯಾ? ಆಪತ್ತಾದ್ರೆ ಮೂರು ಸಲ ಊದಬೇಕು ಅಂತ ಅವನಿಗೆ ಗೊತ್ತಿಲ್ವಾ?"

"ನಾವು ಹೇಳಿಕೊಟ್ಟಿದ್ರೆ ತಾನೇ! ಅವನು ಕೇಳಿರೋದು ನನ್ನ ಸೀಟಿ ಒಂದೇ."

ಮಂಜು ಇಳಿಯುತ್ತಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅವಳು ಚೀಲ ಹೆಗಲಿಗೇರಿಸಿದಳು.

"ನಿಂಗೇನು ತಲೆ ಕೆಟ್ಟಿದ್ಯಾ? ಆ ಇಳಿಜಾರು ಬೇಡ ಅಂತ ಡಾಕ್ಟ್ರು ಹೇಳಿಲ್ವಾ? ನಾನು ಹೋಗ್ತೀನಿ, ಕೂತ್ಕೋ."

"ನಿನ್ನ ಕಿವಿ ನಂಬ್ಕೊಂಡು ಹೋದ್ರೆ ನೀನು ಹಕ್ಕಿ ಹಿಡ್ಕೊಂಡು ಬರ್ತೀಯ. ಇವರನ್ನ ಕಾರಿಗೆ ಸೇರಿಸು. ಅವನು ಅಲ್ಲಿದ್ರೆ ಬಂದು ನನಗೆ ಬೈಯ್ಯಿ. ಕೆಳಗಿನ ತೊರೆ ಸೇತುವೆವರೆಗೆ ಅಷ್ಟೇ ಹೋಗ್ತೀನಿ."

ಸೇತುವೆಯ ತನಕ ಸೀಟಿ ಕೇಳುತ್ತಲೇ ಇತ್ತು. ಆಮೇಲೆ ನಿಂತಿತು.

ಅವಳೂ ನಿಂತಳು. ತೊರೆಯ ಸದ್ದು, ಎಲೆಗಳಿಂದ ಹನಿ ಬೀಳುವ ಸದ್ದು. ಬೂದಿ ಬಣ್ಣದ ಎತ್ತರದ ಮರಗಳು ಮಂಜಿನಲ್ಲಿ ಅರ್ಧಕ್ಕೇ ಮುಗಿದಿದ್ದವು. ಹೆಸರು ಹಿಡಿದು ಕೂಗಿದಳು. ಸುತ್ತ ಕಣ್ಣಾಡಿಸಿದಳು. ಜರಿಗಿಡಗಳು ಒಂದು ಕಡೆ ಮುರಿದು ಒರಗಿದ್ದನ್ನು ಕಂಡು, ಸೇತುವೆ ದಾಟದೆ ತೊರೆಯ ಪಕ್ಕ ಇಳಿದಳು. ಬೇರು ಹಿಡಿದು, ಕೂತು, ಜಾರಿ, ಎದೆಯ ಮೇಲೆ ಕೈಯಿಟ್ಟು ಉಸಿರು ಹಿಡಿದು, ಮತ್ತೆ ಇಳಿದಳು.

ಲೆಫ್ಟೆರಿಸ್ ತೊರೆಯ ಅಂಚಿನಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂತಿದ್ದ. ಬಿದ್ದ ಮರದ ದಿಮ್ಮಿಯೊಂದು ಉರುಳಿ ಅವನ ಕಾಲನ್ನು ಕಲ್ಲಿಗೆ ಒತ್ತಿ ಹಿಡಿದಿತ್ತು. ತುಟಿ ನೀಲಿಗಟ್ಟಿತ್ತು.

"ಸೀಟಿ... ಕೈಯಿಂದ ಜಾರಿಹೋಯ್ತು," ಎಂದ. "ಯಾರೂ ಬರಲ್ಲ ಅಂದ್ಕೊಂಡೆ."

"ಬಂದೆನಲ್ಲ. ಇನ್ನು ಮೇಲೆ ಚೀಲ ದಾರಿ ಮೇಲೆ ಇಡು, ಕತ್ತೆ. ನಿನ್ನ ಚೀಸ್ ಯಾರೂ ಕದಿಯಲ್ಲ."

ದಿಮ್ಮಿ ಅವಳ ಕೈಯಲ್ಲಿ ಅಲುಗಲಿಲ್ಲ. ತನ್ನ ಕೋಟನ್ನು ಅವನಿಗೆ ಹೊದಿಸಿದಳು. ತನ್ನ ಸೀಟಿ ತೆಗೆದು ಮೂರು ಸಲ ಊದಿದಳು, ತಡೆದು, ಮತ್ತೆ ಮೂರು. ಮೇಲೆಲ್ಲೋ ಲೈರ್ ಹಕ್ಕಿ ಅದನ್ನೇ ತಿರುಗಿ ಹೇಳಿ, ಬೇಸರಗೊಂಡು ಗಿಳಿಯ ದನಿಗೆ ಹೊರಳಿತು. ಅವಳು ನಿಲ್ಲಿಸಲಿಲ್ಲ. ಹಕ್ಕಿಗೂ ಅವಳಿಗೂ ಇರುವ ವ್ಯತ್ಯಾಸ ಮೇಲಿದ್ದವರಿಗೆ ತಿಳಿಯಬೇಕಾದರೆ ಅದೊಂದೇ ದಾರಿ.

ಬೆಳಕು ಕುಂದಿತು. ಮೂರು ಊದು ಎರಡಾಯಿತು. ಅವಳ ಮುಖ ಬೆವರಿದ್ದನ್ನು ಕಂಡು ಅವನು, "ಸಾಕು ಥೆಲ್ಮಾ, ಕೂತ್ಕೋ," ಎಂದ.

ಮೇಲೆ, ಬಲು ದೂರದಲ್ಲಿ, ಯಾರೋ ಅವಳ ಹೆಸರು ಕೂಗಿದರು. ಡೆಸ್‌ನ ದನಿ. ಎಡಕ್ಕೆ ಹೋಗುತ್ತಿತ್ತು, ತಪ್ಪು ದಿಕ್ಕಿಗೆ.

ಅವಳು ಮತ್ತೆ ಊದಲು ನೋಡಿದಳು. ಗಾಳಿ ಮಾತ್ರ ಬಂತು. ದಾರವನ್ನು ಕುತ್ತಿಗೆಯಿಂದ ಬಿಡಿಸಿಕೊಂಡು ಅವನ ಕುತ್ತಿಗೆಗೆ ಹಾಕಿದಳು. ಮರಗಟ್ಟಿದ ಅವನ ಬೆರಳನ್ನು ನಂಬದೆ, ಸೀಟಿಯನ್ನು ತಾನೇ ಅವನ ಹಲ್ಲುಗಳ ನಡುವೆ ಸಿಕ್ಕಿಸಿದಳು.

"ಊದು," ಎಂದಳು. "ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಹಕ್ಕಿ ಅಂದ್ಕೊಳ್ತಾರೆ."

ಅವನು ಊದಿದ. ಅವಳು ಅವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಅವನು ನೀರಿನತ್ತ ವಾಲದಂತೆ ಆನಿಸಿಕೊಂಡು ಕೂತಳು. ಡೆಸ್‌ನ ದನಿ ಇತ್ತ ಹೊರಳಿ ಹತ್ತಿರವಾಗುವಷ್ಟರಲ್ಲಿ ಅವನ ಬೆನ್ನ ಮೇಲೆ ಅವಳ ಭಾರ ಹೆಚ್ಚಿತ್ತು.