ಅಂಟು ಒಣಗುವವರೆಗೆ

ಅಕ್ಕ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ನಮ್ಮಿಬ್ಬರ ಸೈಕಲ್ ನನ್ನೊಬ್ಬಳ ಪಾಲಿಗೆ ಉಳಿಯಿತು. ಅದರ ರಿಪೇರಿಯನ್ನೆಲ್ಲ ಅವಳೇ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಪಂಪು ಹಿಡಿದು ಹರಟುತ್ತಿದ್ದೆ, ಅಷ್ಟೆ. ಒಂದು ಭಾನುವಾರ ಅತನೂರಿನ ನಮ್ಮ ಅಂಗಳದಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಗಾಳಿಯಿಲ್ಲದೆ ಕೂತಿತ್ತು. ಮರುದಿನ ಪಕ್ಕದೂರಿನ ಅಂಗನವಾಡಿಗೆ ನಾನು ಕೆಲಸಕ್ಕೆ ಹೋಗಬೇಕಿತ್ತು. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

"ಚಮಚದ ಹಿಡಿಕಿಲೆ ಟೈರ್ ಎಬ್ಬಸು. ಟ್ಯೂಬಿಗೆ ಗಾಳಿ ತುಂಬಿ ಬಕೇಟ್ ನೀರಾಗ ಮುಳುಗಸು. ಗುಳ್ಳಿ ಎಲ್ಲಿ ಬರ್ತಾವ ನೋಡು," ಎಂದಳು.

ಗುಳ್ಳೆ ಎದ್ದ ಕಡೆ ಜಾಲಿಮುಳ್ಳು ಚುಚ್ಚಿದ ತೂತಿತ್ತು. ಅಲ್ಲಿ ಒರೆಸಿ, ಉಜ್ಜಿ, ಅಂಟು ಹಚ್ಚಿದೆ.

"ಲಗೂನ ತ್ಯಾಪಿ ಹಚ್ಚಬ್ಯಾಡ ಬೇ, ಅಂಟು ಒಣಗ್ಲಿ," ಎಂದವಳು, "ಅಲ್ಲೀತನ ಅಂಗಳ ತೋರಸು," ಎಂದಳು.

ಫೋನನ್ನು ಮೆಲ್ಲಗೆ ತಿರುಗಿಸಿದೆ. ಒಣಗಲು ಹರವಿದ ತೊಗರಿ, ನೆರಳಲ್ಲಿ ಮಲಗಿದ ಮೇಕೆ, ಅವ್ವನ ಹೊಸ ಒಲೆ, ಎಲ್ಲವನ್ನೂ ಅವಳು ಒಂದೊಂದಾಗಿ ನೋಡಿದಳು.

"ನಾವಿಲ್ಲಿ ಮೂರನೇ ಮಾಳಿಗಿ ಮ್ಯಾಲ ಇದ್ದೇವಿ. ಸೈಕಲ್ ಹೊಡಿಬೇಕಂತ ಭಾಳ ಅನಸ್ತದ," ಎಂದಳು.

ನಾನು ತೇಪೆಯನ್ನು ಒತ್ತಿ ಹಿಡಿದೆ. ಟ್ಯೂಬನ್ನು ಟೈರಿನೊಳಗೆ ಕೂರಿಸಿ ಪಂಪು ಹೊಡೆದಾಗ ಗಾಳಿ ನಿಂತಿತು.

ಈಗ ಚೈನು, ಬ್ರೇಕು ಕೂಡ ನಾನೇ ಸರಿಮಾಡುತ್ತೇನೆ. ಆದರೂ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಮೊದಲು ಅಕ್ಕನಿಗೆ ಫೋನ್ ಮಾಡಿ, ಗೊತ್ತಿದ್ದದ್ದನ್ನೇ ಕೇಳುತ್ತೇನೆ. ನನಗದು ಗೊತ್ತೆಂದು ಅವಳಿಗೂ ಗೊತ್ತು. ನಟ್ಟು ಯಾವ ಕಡೆ ತಿರುಗಿಸಬೇಕೆಂಬುದರಿಂದ ಶುರುಮಾಡಿ, ಸಾವಕಾಶವಾಗಿ ಹೇಳಿಕೊಡುತ್ತಾಳೆ.