ಅಂಗೈ ಮೇಸ್ತ್ರಿಯ ‘ಹೋಗಲಿ’

ನಮ್ಮ ಡೀಸೆಲ್ ಶೆಡ್ಡಿನಲ್ಲಿ ಥರ್ಮಾಮೀಟರುಗಳು ಪೆಟ್ಟಿಗೆಯೊಳಗೇ ಮುದಿಯಾದವು. ಅದಕ್ಕೆ ಕಾರಣ ಅಂಗೈ ಮೇಸ್ತ್ರಿ. ಎಂಜಿನ್ನಿನ ನೀರಿನ ಪೈಪಿನ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, “ಎಪ್ಪತ್ತೆಂಟು” ಎನ್ನುತ್ತಿದ್ದ. ಎಂಜಿನ್ನಿನ ಮೀಟರು ಎಪ್ಪತ್ತೊಂಬತ್ತು ತೋರಿಸಿದರೆ ಮೀಟರನ್ನೇ ರಿಪೇರಿಗೆ ಕಳಿಸುತ್ತಿದ್ದರು. ಪೈಪಿನ ಮೇಲೆ ಕೂತು ಎದ್ದುಹೋದ ನೊಣಕ್ಕೆ ಜ್ವರ ಇತ್ತೋ ಇಲ್ಲವೋ ಅವನು ಹೇಳಬಲ್ಲ ಎಂಬ ಮಾತಿತ್ತು. ಆ ಮಾತು ಹುಟ್ಟಿಸಿದವನು ನಾನೇ. ನಂಬಿದವರು ಮಾತ್ರ ನೂರಾರು ಜನ.

ಅವನು ಕೈಯಿಟ್ಟು “ಹೋಗಲಿ” ಎನ್ನದೆ ಯಾವ ಎಂಜಿನ್ನೂ ಗೇಟು ದಾಟುತ್ತಿರಲಿಲ್ಲ. ಮೂವತ್ತೊಂದು ವರ್ಷ ಇದೇ ರೂಢಿ.

ನಾನು ಓಡಿಸುತ್ತಿದ್ದ ಎಂಜಿನ್ನಿಗೆ ಮುಂಗೋಪಿ ಎಂದು ಹೆಸರು. ಮೇಸ್ತ್ರಿಯೂ ಅದೂ ಒಂದೇ ವಾರ ಶೆಡ್ಡಿಗೆ ಬಂದವರು. ಮೂವತ್ತೊಂದನೇ ವರ್ಷ ಮುಂಗೋಪಿ ಏರು ಹತ್ತುವಾಗಲೆಲ್ಲ ಕಾದು, ಅಪಾಯದ ಗಂಟೆ ಹೊಡೆದು, ತಾನಾಗಿ ನಿಂತುಬಿಡತೊಡಗಿತು. ಮೊದಲ ಸಲ ನೀರಿನ ಪಂಪು ಬದಲಾಯಿಸಿದರು. ಎರಡನೆಯ ಸಲ ಫ್ಯಾನು. ಮೂರನೆಯ ಸಲ ಮೀಟರಿನ ಮೇಲೇ ತಪ್ಪು ಹೊರಿಸಿ ಅದನ್ನೂ ಬದಲಾಯಿಸಿದರು. ಆ ಮೂರನೆಯ ಸಲ ದಾರಿಯಲ್ಲಿ ಎಷ್ಟು ಹೊತ್ತು ನಿಂತೆವೆಂದರೆ, ಪ್ರಯಾಣಿಕರಲ್ಲಿ ಇಬ್ಬರಿಗೆ ಪರಿಚಯವಾಗಿ, ಮದುವೆಯಾಗಿ, ಮಗು ಶಾಲೆಗೆ ಸೇರಿತು. ಇದು ಸ್ವಲ್ಪ ಉತ್ಪ್ರೇಕ್ಷೆ, ಶಾಲೆಗೆ ಸೇರಿರಲಿಲ್ಲ.

“ರೇಡಿಯೇಟರ್ ಕಟ್ಟಿಕೊಂಡಿರಬಹುದಾ?” ಎಂದು ಫೋರ್‌ಮನ್ ಮೂರು ಸಲವೂ ಕೇಳಿದ. ರೇಡಿಯೇಟರಿನ ಕೊಳವೆಗಳಲ್ಲಿ ಬಿಸಿನೀರು ಹರಿದು ಆರಬೇಕು. ಕಟ್ಟಿಕೊಂಡ ಕೊಳವೆ ಮುಟ್ಟಿದರೆ ತಣ್ಣಗಿರುತ್ತದೆ. ಮೇಸ್ತ್ರಿ ಮೂರು ಸಲವೂ ಅಂಗೈ ಆಡಿಸಿ, “ಎಲ್ಲಾ ಒಂದೇ ಸಮ ಇದೆ. ರೇಡಿಯೇಟರ್ ಮುಟ್ಟಬೇಡಿ” ಎಂದ. ಯಾರೂ ಮುಟ್ಟಲಿಲ್ಲ.

“ಸೋಮವಾರ ಕೊನೇ ಪರೀಕ್ಷೆ ಮೇಸ್ತ್ರಿ,” ಎಂದ ಫೋರ್‌ಮನ್. “ಪಾಸಾಗ್ಲಿಲ್ಲ ಅಂದ್ರೆ ಮುಂಗೋಪಿ ಗುಜರಿಗೆ. ಮೇಲಿಂದ ಕಾಗದ ಬಂದಾಯ್ತು.”

ಭಾನುವಾರ ನಾನು ಮೇಸ್ತ್ರಿಯ ಅಡುಗೆಮನೆಯಲ್ಲಿ ಟೀಗೆ ಕೂತಿದ್ದೆ. ಅವನು ಒಲೆಯ ಮೇಲಿಂದ ಹಾಲಿನ ಪಾತ್ರೆಯನ್ನು ಬರಿಯ ಬಲಗೈಯಲ್ಲೇ ಇಳಿಸಿಕೊಂಡು, ಹಿಡಿದೇ ನಿಂತು, ಪಂಪಿನ ಬಗ್ಗೆ ಏನೋ ವಾದ ಹೂಡಿದ.

“ರೀ! ಬಿಡ್ರೀ, ಕೈ ಬಿಡ್ರೀ!” ಎಂದು ಹೆಂಡತಿ ಕಿರುಚಿಕೊಂಡಳು.

ಪಾತ್ರೆ ಕೆಳಗಿಟ್ಟ. ಅಂಗೈಯಲ್ಲಿ ಚರ್ಮ ಬೆಳ್ಳಗೆ ಉಬ್ಬಿತ್ತು. ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇವನಿಗೆ ಹೆಂಡತಿಯ ಕಿರುಚಾಟ ಬೇಕಾಯಿತು.

“ಉರೀತಿಲ್ವಾ?”

“ಇಲ್ಲ ಕಣೇ.”

“ಹೋದ ವರ್ಷದಿಂದ್ಲೂ ಹೇಳ್ತಾನೇ ಇದೀನಿ. ಸ್ನಾನದ ನೀರು ಕೊತಕೊತ ಕುದೀತಿದ್ರೂ ಕೈ ಅದ್ದಿ ‘ಹದವಾಗಿದೆ’ ಅಂತೀರಿ. ನನ್ನ ಮಾತು ನಿಮಗೆ ಯಾವತ್ತು ರುಚಿಸ್ತು?”

ಮೂವತ್ತೊಂದು ವರ್ಷ ಬಿಸಿ ಪೈಪು ಮುಟ್ಟಿ ಮುಟ್ಟಿ ಅಂಗೈ ಸತ್ತುಹೋಗಿತ್ತು. ಕೈಗೆ ಎಲ್ಲವೂ ಒಂದೇ ಸಮ. ರೇಡಿಯೇಟರೂ, ಹಾಲೂ.

“ಯಾರಿಗೂ ಹೇಳ್ಬೇಡ ಕಣೋ,” ಎಂದೆ. “ರಿಟೈರ್ ಆಗೋಕೆ ಎರಡೇ ವರ್ಷ. ಬಾಯಿಮುಚ್ಕೊಂಡು ‘ಹೋಗಲಿ’ ಅಂತಿರು. ಈ ಕೈ ಇಲ್ಲ ಅಂದ್ರೆ ಶೆಡ್ಡಲ್ಲಿ ನೀನು ಯಾರು?”

“ಅದೇ ಯೋಚಿಸ್ತಿದೀನಿ,” ಎಂದ. “ಆದ್ರೆ ಮುಂಗೋಪಿ ಏನ್ ತಪ್ಪು ಮಾಡ್ತಪ್ಪಾ?”

ಸೋಮವಾರ ಎಲ್ಲರೆದುರು ಬಟ್ಟೆ ಸುತ್ತಿದ ಕೈ ಮೇಲೆತ್ತಿ, “ಇದಕ್ಕೆ ಏನೂ ಗೊತ್ತಾಗಲ್ಲ. ಒಂದು ವರ್ಷ ಆಯ್ತೇನೋ. ಥರ್ಮಾಮೀಟರ್ ತನ್ನಿ,” ಎಂದ. ಪೆಟ್ಟಿಗೆಯ ಧೂಳು ಒರೆಸಿ ಥರ್ಮಾಮೀಟರ್ ತಂದವನು ನಾನೇ. ಎಂಜಿನ್ ಕಾಯಿಸಿ ಥರ್ಮಾಮೀಟರ್ ಹಿಡಿದರೆ ಹತ್ತೇ ನಿಮಿಷದಲ್ಲಿ ರೋಗ ಸಿಕ್ಕಿತು: ರೇಡಿಯೇಟರಿನ ಅರ್ಧ ಕೊಳವೆಗಳು ಹೆಣದಂತೆ ತಣ್ಣಗಿದ್ದವು. ಕೊಳವೆ ಕಟ್ಟದಂತೆ ಮದ್ದು ಬೆರೆಸಿದ ನೀರು ಮುಗಿದಾಗಲೆಲ್ಲ ನಲ್ಲಿ ನೀರು ತುಂಬಿದ್ದರ ಫಲ, ಒಳಗೆ ಸುಣ್ಣ ಗಟ್ಟಿಯಾಗಿತ್ತು. ಬೇರೆ ರೇಡಿಯೇಟರ್ ಕೂರಿಸಿದರು. ಮುಂಗೋಪಿ ಪಾಸಾಯಿತು.

ಮೇಸ್ತ್ರಿಯನ್ನು ಸಾಮಾನು ಕೊಡುವ ಕಿಟಕಿಗೆ ಕೂರಿಸಿದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಈಗ ಬೋಲ್ಟು ಎಣಿಸಿ ಕೊಡುತ್ತಾನೆ, ಅದೂ ಕಣ್ಣಿನಿಂದ. ಪ್ರತಿ ಎಂಜಿನ್ನಿಗೂ ಥರ್ಮಾಮೀಟರ್ ಹಿಡಿಯುತ್ತಾರೆ. ಯಾವುದೂ ದಾರಿಯಲ್ಲಿ ನಿಲ್ಲುತ್ತಿಲ್ಲ. ಅದೇ ಅವನಿಗೆ ದೊಡ್ಡ ಏಟು.

ಮೊನ್ನೆ ಮುಂಗೋಪಿಯನ್ನು ಅವನ ಕಿಟಕಿಯ ಮುಂದೆ ನಿಲ್ಲಿಸಿ ಕೂಗಿದೆ: “ಏನಯ್ಯಾ, ಹೋಗ್ಲಾ?”

“ನನ್ನನ್ನ ಯಾಕೆ ಕೇಳ್ತೀಯ? ಮೀಟರ್ ಏನನ್ನುತ್ತೆ?”

“ಎಪ್ಪತ್ತೆಂಟು.”

“ಮತ್ತೆ ಇನ್ನೇನು,” ಎಂದನೇ ಹೊರತು ‘ಹೋಗಲಿ’ ಎನ್ನಲಿಲ್ಲ.

ಇಳಿದು ಹೋಗಿ ನನ್ನ ಟೀ ಲೋಟವನ್ನು ಅವನಿಗೆ ಕೊಟ್ಟೆ. ಬಲ ಅಂಗೈಯಲ್ಲಿ ಹಿಡಿದುಕೊಂಡ. ಆಮೇಲೆ ತಲೆಯೆತ್ತದೆ ಕೇಳಿದ:

“ಆರಿದೆಯೇನೋ ಇದು?”