ಕದ್ದ ಡೇರೆಗೆ ಜಡ್ಡು

ಹೋದ ತಿಂಗಳು ನಮ್ಮ ಹಳಿಯಾಳದ ಓಣಿಯ ಹೆಂಗಸರೆಲ್ಲ ಕಳ್ಳಿಯರಾಗಿ ಸಿಕ್ಕಿಬಿದ್ದರು. ಹಿಡಿದುಕೊಟ್ಟದ್ದು ಪೊಲೀಸರಲ್ಲ, ಒಂದು ವೈರಸ್.

ಮೊದಲ ಕಳ್ಳಿ ನನ್ನ ಹೆಂಡತಿ. (ಇದನ್ನು ಓದಿದ ಮೇಲೆ ನನಗೆ ಚಹಾ ಸಿಗುವುದು ಅನುಮಾನ.) ಹೋದ ವರ್ಷ ದಾಂಡೇಲಿಯ ಯಾವುದೋ ಹೊಸ ಬಂಗಲೆಯಿಂದ ಡೇರೆ ಹೂವಿನ (ಪೇಟೆಯವರ ಡೇಲಿಯಾ) ಗಡ್ಡೆಯೊಂದನ್ನು ಸೆರಗಿನಲ್ಲಿ ಮುಚ್ಚಿ ತಂದಿದ್ದಳು. ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದು ತಂದರೆ ಮೈತುಂಬ ಹೂ ಎಂಬುದು ನಮ್ಮ ಕಡೆಯ ನಂಬಿಕೆ. ಹೂ ಬಿಟ್ಟಿತು ನೋಡಿ, ಕೆಂಪು ಎಸಳಿನ ಮೇಲೆ ಬಿಳಿ ಗೆರೆಗಳ ಡಿಸೈನ್! ಓಣಿಯೇ ಬಂದು ನೋಡಿತು. ಹೆಂಡತಿಯ ಕಾಲು ನೆಲಕ್ಕೆ ಹತ್ತಲಿಲ್ಲ.

ಈ ಮಳೆಗಾಲ ಅವಳ ತಮ್ಮ ವಸಂತ ಬಂದ. ಧಾರವಾಡದಲ್ಲಿ ಕೃಷಿ ಓದುತ್ತಾನೆ. ಎಲ್ಲರೂ ಹೂ ನೋಡಿದರೆ ಇವನು ಎಲೆ ನೋಡಿದ. ಎಲೆ ಮುರುಟಿತ್ತು, ಹಳದಿ ಮಚ್ಚೆ ಎದ್ದಿದ್ದವು.

"ಅಕ್ಕಾ, ಇದು ಚಂದ ಅಲ್ಲ, ಜಡ್ಡು. ವೈರಸ್ ಇರಬೇಕು."

"ನಿನ್ನ ಕಣ್ಣಿಗೇ ಜಡ್ಡು ಬಂದೈತಿ. ಸುಮ್ನ ಉಣ್ಣಾಕ ಬಾ."

ಅವನು ಜಗ್ಗಲಿಲ್ಲ. ಅಂಟುತ್ತದೆಯೋ ನೋಡೋಣವೆಂದು ಎಲೆ ಅರೆದು, ಅದರ ರಸವನ್ನು ಅಂಗಳದ ಒಂದು ಜೀನಿಯಾ ಗಿಡಕ್ಕೆ ಉಜ್ಜಿದ. ಪಕ್ಕದ್ದನ್ನು ಹಾಗೇ ಬಿಟ್ಟ. ಅವನು ಮತ್ತೆ ರಜೆಗೆ ಬರುವಷ್ಟರಲ್ಲಿ ಉಜ್ಜಿದ ಗಿಡದ ಮೇಲೆ ಅವೇ ಮಚ್ಚೆ, ಇನ್ನೊಂದು ಗಟ್ಟಿಮುಟ್ಟು. ಡೇರೆ ಕಿತ್ತು ಸುಡಬೇಕು, ಇಲ್ಲವಾದರೆ ಉಳಿದ ಹೂಗಿಡಗಳಿಗೂ ಹಬ್ಬುತ್ತದೆ ಎಂದ. ಹೆಂಡತಿ ಅತ್ತೇ ಬಿಟ್ಟಳು. ನನಗೂ ಸಂಕಟವಾಯಿತು.

ಆದರೆ ನಮ್ಮದೊಂದನ್ನೇ ಸುಟ್ಟರೆ ಸಾಕೇ? ವಸಂತ ಹಿತ್ತಲು ಹಿತ್ತಲಿಗೆ ಇಣುಕಿದ. ಅಲ್ಲೂ ಬಿಳಿ ಗೆರೆ, ಇಲ್ಲೂ ಬಿಳಿ ಗೆರೆ! ನಮ್ಮ ಮನೆಯದನ್ನು ಪಕ್ಕದ ಮನೆಯ ಪಾರ್ವತಕ್ಕ ಕದ್ದಿದ್ದರು, ಅವರದನ್ನು ಶಾಂತಕ್ಕ, ಶಾಂತಕ್ಕನದನ್ನು ಆಚೆ ಮನೆಯವರು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಮೊದಲು ಮುಖ ಸಣ್ಣದಾಯಿತು, ಆಮೇಲೆ ತಡೆಯಲಾರದ ನಗು. ನಗುತ್ತಲೇ ಎಲ್ಲವನ್ನೂ ಒಟ್ಟಿ ಸುಟ್ಟರು.

ಇನ್ನು ಓಣಿಗೆ ಡೇರೆ ಎಲ್ಲಿಂದ ತರುವುದು? ಉಳಿದದ್ದು ಒಂದೇ ಮನೆ, ಫೌಜದಾರ ಈರಪ್ಪನವರದು. (ಪೊಲೀಸ್ ಕೆಲಸದಿಂದ ರಿಟೈರ್ ಆಗಿದ್ದಾರೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಹುದ್ದೆಯ ಹೆಸರು ಬದಲಾದರೂ ನಮಗೆ ಅವರು ಫೌಜದಾರರೇ.) ಅವರ ಡೇರೆ ಅಚ್ಚಗೆಂಪು, ಒಂದೂ ಮಚ್ಚೆಯಿಲ್ಲ. ಅವರು ಯಾರ ಮನೆಗೂ ಹೋದವರಲ್ಲ. ಅವರ ನಾಯಿಗೆ ಹೆದರಿ ಯಾರೂ ಅಲ್ಲಿಗೆ ಹೋದವರಿಲ್ಲ.

ಹೆಂಗಸರೆಲ್ಲ ಹೋಗಿ ಬಾಗಿಲಲ್ಲಿ ನಿಂತರು.

"ಬೇಕಾದಷ್ಟು ಟೊಂಗಿ ಒಯ್ರಿ," ಎಂದರು ಫೌಜದಾರರು.

ಪಾರ್ವತಕ್ಕ ತಲೆ ತಗ್ಗಿಸಿ, "ಕೊಟ್ಟದ್ದು ಹತ್ತಂಗಿಲ್ರೀ ಸಾಹೇಬ್ರ," ಎಂದರು.

ಫೌಜದಾರರು ಮೀಸೆಯಲ್ಲೇ ನಕ್ಕರು. ನಾಯಿಯನ್ನು ಕಟ್ಟಿಹಾಕಿದರು. ಹಿತ್ತಲಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಪೇಪರ್ ಬಿಡಿಸಿದರು.

"ನನಗ ಏನೂ ಕಾಣೂದಿಲ್ಲ. ಲಗೂನ ಮುಗಸ್ರಿ."

ಕದ್ದ ಟೊಂಗೆಗಳು ಆಗಲೇ ಚಿಗುರಿವೆ. ಸಂಜೆ ಫೌಜದಾರರ ಕಟ್ಟೆಯ ಮೇಲೆ ಈಗ ಕೂರಲು ಜಾಗವಿಲ್ಲ. ಜೀವಮಾನವೆಲ್ಲ ಕಳ್ಳರನ್ನು ಹಿಡಿದ ಮನುಷ್ಯನಿಗೆ, ಬಿಡುವುದರಲ್ಲಿ ಇಷ್ಟು ಖುಷಿಯಿದೆ ಎಂದು ಹೇಳಿಕೊಡಲು ಒಂದು ವೈರಸ್ಸೇ ಬರಬೇಕಿತ್ತೇ?